ಬೀಡಿ ಹಚ್ಕೊಂಡು ಬಾ

ಬಿಟ್ಟ ಹೊಗೆ ಹಾರಿಹೋಗದೆ, ಸೇದಿದವನ ಹಿಂದೆಯೇ ಸಾಕುಪ್ರಾಣಿಯಂತೆ ಅಲೆಯುವ ಊರದು. ದುರುಗಪ್ಪನ ಹೊಗೆ ಎಮ್ಮೆಯಾಗಿತ್ತು. ಎಮ್ಮೆಯೆಂದರೆ, ಆಕಳಿಸಿದರೆ ಏಳೂರಿಗೆ ಕತ್ತಲಾಗುವಂಥ ಎಮ್ಮೆ! ಹದಿನೈದರ ಮಗ ಹನುಮೇಶನದ್ದೂ ಕರುವಿನಷ್ಟಿತ್ತು. ಅವನು ಸೇದುವುದು ಬಿಟ್ಟಮೇಲೆ ಸೊರಗಿ ಸೊರಗಿ ಬೆಕ್ಕಿನ ಮರಿಯಷ್ಟಾಗಿತ್ತು. ಒಂದೇ ದಮ್ಮು ಎಳೆದರೂ ಮತ್ತೆ ಕರುವೇ.

ಜಗಲಿಯಲ್ಲಿ ಕೂತಿದ್ದ ದುರುಗಪ್ಪ ಎಂದಿನಂತೆ ಬೀಡಿ ಚಾಚಿದ. "ಲೇ, ಒಲೆಯಾಗೆ ಹಚ್ಕೊಂಡು ಬಾ."

ಹಚ್ಚಬೇಕೆಂದರೆ ಬಾಯಲ್ಲಿಟ್ಟು ಎಳೆಯಲೇಬೇಕು. ಹನುಮೇಶ ಚಿಕ್ಕಂದಿನಲ್ಲಿ ಕಲಿತದ್ದೇ ಹಾಗೆ. ಒಲೆಯ ಮುಂದೆ ಬೀಡಿ ತುಟಿಯ ಹತ್ತಿರ ಬಂತು. ಬಾಯಲ್ಲಿ ಕೆರೆ ಕೋಡಿ ಬೀಳುವಷ್ಟು ನೀರೂರಿತು. ಮರಿ ಹಸಿದು ಚೀರಿತು.

ಅವನು ಇಕ್ಕಳದಲ್ಲಿ ಕೆಂಡ ಹಿಡಿದು ಹೊರಬಂದ.

"ತಗೋ ನಿನ್ನ ಬೀಡಿ. ನೀನೇ ಹಚ್ಕೋ ಅಪ್ಪಾ."

ಎಮ್ಮೆ ಎದ್ದು ನಿಂತಿತು. ದುರುಗಪ್ಪ ಮಗನ ಕಾಲಿಗೆ ಅಂಟಿಕೊಂಡ ಮರಿಯನ್ನೇ ನೋಡಿದ, ಕೆಂಡ ಬೂದಿಯಾಗುವ ತನಕ ನೋಡಿದ.

"ಆರೋಯ್ತು. ಇನ್ನೊಂದು ಕೆಂಡ ತರ್ಲಾ?"

"ಬ್ಯಾಡ." ದುರುಗಪ್ಪ ಬೀಡಿ ಕಿವಿಗೆ ಸಿಕ್ಕಿಸಿ ಅಂಗಳಕ್ಕಿಳಿದ. "ಒಳಗೆ ಹೋಗಿ ಅಗಳಿ ಹಾಕ್ಕಳಲೇ. ನನ್ ಎಮ್ಮಿ ನುಗ್ಗೀತು."