ನೋಡಿ ಬರೆದದ್ದು

ಒಂದನೇ ಕ್ಲಾಸಿನ ಮಕ್ಕಳಿಗೆ ಚಿತ್ರಕಲೆಯ ಮಿಸ್ ಅಂದು ಮೋನಾಲಿಸಾಳ ಚಿತ್ರ ತೋರಿಸಿದರು. ಇಂಥದ್ದಕ್ಕೆ ಭಾವಚಿತ್ರ ಅನ್ನುತ್ತಾರೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು.

"ಇವ್ರು ಯಾವಾಗ ಸತ್ತೋದ್ರು ಮಿಸ್?"

"ಯಾಕೆ ಪುಟ್ಟಾ ಹಾಗೆ ಕೇಳ್ತೀಯ?"

"ನಮ್ಮನೇಲಿ ಸತ್ತೋದವ್ರ ಫೋಟೋನೇ ಗೋಡೆಗೆ ಹಾಕೋದು. ತಾತಂಗೆ, ಅಜ್ಜಿಗೆ ಗಂಧದ ಹಾರಾನೂ ಹಾಕಿದಾರೆ."

ಮಿಸ್‌ಗೆ ನಗು ತಡೆಯಲಾಗಲಿಲ್ಲ. ಬದುಕಿರುವವರ ಭಾವಚಿತ್ರವೂ ಇರುತ್ತದೆ ಎಂದು ತಿಳಿಹೇಳಿ, ಮನೆಯಲ್ಲಿರುವ ಯಾರಾದರೂ ಒಬ್ಬರನ್ನು ಬರೆಯಲು ಎಲ್ಲರಿಗೂ ಹಾಳೆ ಕೊಟ್ಟರು.

"ಮನಸ್ಸಿಗೆ ಬಂದಂಗೆ ಗೀಚಬಾರ್ದು. ಕಣ್ಣಾರೆ ನೋಡಿದ್ದನ್ನ ಮಾತ್ರ ಬರೀಬೇಕು."

ಅರ್ಧ ಗಂಟೆಯಲ್ಲಿ ಕಿವಿಯಿಲ್ಲದ ಅಜ್ಜಿಯರೂ ಮೀಸೆಯಷ್ಟೇ ಇರುವ ಅಪ್ಪಂದಿರೂ ತಯಾರಾದರು. ಆ ಹುಡುಗಿ ಮಾತ್ರ ತನ್ನ ಅಮ್ಮನನ್ನು ಚೆಂದವಾಗಿ ಬರೆದಿದ್ದಳು. ಮೂಗುತಿ, ಹಣೆಯಲ್ಲಿ ದೊಡ್ಡ ಬೊಟ್ಟು, ತುಟಿಯಲ್ಲಿ ಮೋನಾಲಿಸಾಳದ್ದೇ ಅರೆನಗು. ಸುತ್ತ ಒಂದು ಚೌಕಟ್ಟು, ಚೌಕಟ್ಟಿಗೆ ಕಂದು ಬಣ್ಣದ ಹಾರ.

"ಅಯ್ಯೋ, ಆ ಹಾರ ಅಳಿಸಮ್ಮಾ. ನಿಮ್ಮಮ್ಮ ಬೆಳಿಗ್ಗೆ ತಾನೇ ಸ್ಕೂಟರ್‌ನಲ್ಲಿ ನಿನ್ನ ಬಿಟ್ಟೋದ್ರು, ಗಟ್ಟಿಮುಟ್ಟಾಗೇ ಇದಾರೆ. ನೋಡಿದ್ದನ್ನ ಬರಿ ಅಂದಿರ್ಲಿಲ್ವಾ ನಾನು?"

"ನೋಡೇ ಬರ್ದಿದೀನಿ ಮಿಸ್."

"ಎಲ್ಲಿ ನೋಡ್ದೆ?"

ಹುಡುಗಿ ಅತ್ತಿತ್ತ ನೋಡಿ, ಮಿಸ್ ಕಿವಿಯ ಹತ್ತಿರ ಬಾಯಿ ತಂದಳು.

"ಬೀರು ಹಿಂದೆ. ಅಪ್ಪ ನಿನ್ನೆ ಅಮ್ಮನ ಫೋಟೋಗೆ ಕಟ್ಟು ಹಾಕಿಸಿ, ಹಾರಾನೂ ತಂದಿಟ್ಟಿದಾರೆ. ಅಮ್ಮಂಗೆ ಹೇಳ್ಬೇಡ ಅಂದಿದಾರೆ."