ಅಣಕು ಕಾರ್ಯಾಚರಣೆ

ಬೆಳಗ್ಗೆ ಒಂಬತ್ತಕ್ಕೆ ಊರಿಗೆ ನಾಲ್ಕು ಬಸ್ಸುಗಳು ಬಂದವು. ಪಕ್ಕದ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಪಂಚಾಯಿತಿಯ ಮೈಕಿನಲ್ಲಿ ಹೇಳಿದರು: "ಗ್ಯಾಸು ಸೋರಿದರೆ ಏನು ಮಾಡಬೇಕು ಅಂತ ಇವತ್ತು ಅಣಕು ಕಾರ್ಯಾಚರಣೆ. ಎಲ್ಲರೂ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತಿ."

ಪಂಚಾಯಿತಿ ಸದಸ್ಯೆ ಕೆಂಪಾಜಮ್ಮನಿಗೆ ರೇಗಿತು. "ಇಷ್ಟು ವರ್ಷ ನಾವು ಕೇಳ್ಕೊಂಡಾಗ ಒಂದಿನಾನೂ ಮಾಡ್ಲಿಲ್ಲ. ಈಗ ಹೇಳ್ದೆ ಕೇಳ್ದೆ ಬಂದಿದ್ದೀರಿ. ಒಲೆ ಮೇಲೆ ಎಸರಿಟ್ಟಿವ್ನಿ ಸಾ!"

"ಒಲೆ ಆರಿಸಿ ಬನ್ನಿ. ಒಂದು ಕಿಡಿಯೂ ಉಳೀಬಾರ್ದು."

ಆದರೂ ಅವಳೇ ಮನೆಮನೆಗೆ ಹೋಗಿ ಜನರನ್ನು ಹೊರಡಿಸಿದಳು. ಮುಖ ಕಟ್ಟಿಕೊಂಡ ಗಂಡಸರನ್ನು ನೋಡಿ ಹೆಂಗಸರು ನಕ್ಕರು. ಕೊನೆಗೆ ಉಳಿದವರು ಒಬ್ಬರೇ, ಸೊಂಟ ಮುರಿದು ಮಲಗಿದ್ದ ಅವಳ ಅತ್ತೆ.

"ಅವ್ರನ್ನ ಬಿಡಿ ಸಾ. ಆಟಕ್ಕೋಸ್ಕರ ಹಾಸಿಗೆಯಿಂದ ಎಬ್ಬಿಸಿ ನೋಯಿಸೋದ್ಯಾಕೆ?"

ಅಧಿಕಾರಿ ಒಳಗೆ ಹೋಗಿ ಮುದುಕಿಯನ್ನು ತೋಳಿನಲ್ಲಿ ಎತ್ತಿಕೊಂಡು ಓಡುತ್ತಲೇ ಬಸ್ಸು ಹತ್ತಿದರು. ಅವರ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

ಬಸ್ಸು ಹೆದ್ದಾರಿ ಸೇರಿದಾಗ ಕೆಂಪಾಜಮ್ಮ ಮೂಗಿನ ಬಟ್ಟೆ ಬಿಚ್ಚಿ ಹೆಮ್ಮೆಯಿಂದ ಕೇಳಿದಳು: "ಅರ್ಧ ಗಂಟೇಲಿ ಇಡೀ ಊರು ಖಾಲಿ ಮಾಡಿಸ್ದೆ. ಚೆನ್ನಾಗಾಯ್ತಾ ಸಾ?"

"ತುಂಬಾ ಚೆನ್ನಾಗಾಯ್ತಮ್ಮ."

"ಹಂಗಾರೆ ವಾಪಸ್ ಬಸ್ಸು ಎಷ್ಟೊತ್ತಿಗೆ?"

ಅಧಿಕಾರಿ ಹಿಂದಿನ ಕಿಟಕಿಯತ್ತ ನೋಡಿದರು.

"ಗಾಬರಿಯಾಗಿ ನುಗ್ಗಾಡ್ತೀರಿ ಅಂತ ಸುಳ್ಳು ಹೇಳಿದೆ. ಟ್ಯಾಂಕು ನಿಜವಾಗಿಯೂ ಬಿರುಕು ಬಿಟ್ಟಿದೆ, ವಾಪಸ್ ಬಸ್ಸಿಲ್ಲಮ್ಮ."