ಕ್ಯಾಪ್ಟನ್ ರಮಾನಾಥನ ಕಟ್ಟೆ

“ಕೈ ತೆಗೀರಿ ರಮಾನಾಥ್‌ದಾ, ಮುಷ್ಕರ ಶುರುವಾಯಿತು,” ಎಂದ ಯೂನಿಯನ್ನಿನ ಘೋಷಾಲ್.

ರಮಾನಾಥನ ಬೆರಳು ಗುಂಡಿಯ ಮೇಲೇ ನಿಂತಿತು. ಬ್ಯಾಂಕಿನ ಕಲ್ಕತ್ತಾ ಶಾಖೆಗೆ ಬಂದಿದ್ದ ಮೊದಲ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಕೂಡದೆಂದು ಯೂನಿಯನ್ ತಡೆದಿತ್ತು. ಬೆರಳು ಪಳಗಲೆಂದು ಕಂಪನಿಯವರು ಹಾಕಿಕೊಟ್ಟ ಆಕಾಶಯುದ್ಧದ ಆಟಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಆಟ ಗೆದ್ದು ತೋರಿಸಿದವನಿಗೆ ಉಡುಪಿಗೆ ವರ್ಗ ಎಂದು ಹೆಡ್ಡಾಫೀಸು ಆಸೆ ಹುಟ್ಟಿಸಿತ್ತು. ರಮಾನಾಥ ಹುಟ್ಟೂರಿನ ವರ್ಗಕ್ಕೆ ಕಾದು ಒಂಬತ್ತು ವರ್ಷವಾಗಿತ್ತು. ಹಸಿರು ಪರದೆಯಲ್ಲಿ ಚುಕ್ಕಿಗಳೆಂದರೆ ನಕ್ಷತ್ರ, ಮೂರು ಇಂಗ್ಲಿಷ್ ಅಕ್ಷರಗಳೆಂದರೆ ಮೂರು ಶತ್ರುಹಡಗು. ಅವನೇ ಕ್ಯಾಪ್ಟನ್ನಾದ ಹಡಗಿನಲ್ಲಿ ಉಳಿದದ್ದು ಒಂದೇ ಗುಂಡು.

“ಇದು ಆಟ, ಘೋಷಾಲ್‌ದಾ.”

“ಕೆಲಸವಾದರೆ ಮುಷ್ಕರ ಮುರಿದ ಹಾಗಾಯಿತು. ಆಟವಾದರೆ, ಮುಷ್ಕರದ ಹೊತ್ತಿನಲ್ಲಿ ಆಟವೇ?”

“ಅವರು ಹೊಡೆದರೆ?”

ಇಬ್ಬರೂ ಕಾದರು. ನಾವು ಗುಂಡಿ ಒತ್ತದೆ ಶತ್ರುವೂ ಮಿಸುಕದ ಆಟ ಅದು. ಉಳುಮೆ ಮುಗಿದ ಗದ್ದೆಯಲ್ಲಿ ಕೊಕ್ಕರೆ ನಿಂತ ಹಾಗೆ ಮೂರೂ ಹಡಗು ನಿಂತವು. ಘೋಷಾಲನ ಕಣ್ಣು ತುಂಬಿ ಬಂತು. “ನೋಡಿ, ಅವರೂ ಮುಷ್ಕರ ಸೇರಿದರು!”

ಮರುದಿನ ಹೆಡ್ಡಾಫೀಸಿನಿಂದ ಪರೀಕ್ಷೆಗೆ ನಂಜುಂಡಪ್ಪನವರು ಬಂದರು. ಯಂತ್ರಕ್ಕೆ ಕೆಂಪು ಬಾವುಟ ಕಟ್ಟಿತ್ತು. ಅದೇನು ಪವಾಡವೋ, ಅಷ್ಟು ಹೊತ್ತೂ ಕರೆಂಟು ಹೋಗಿರಲಿಲ್ಲ. ಹಡಗುಗಳು ನಿಂತಲ್ಲೇ ನಿಂತಿದ್ದವು.

“ಏನ್ರೀ ಇದು, ಹೊಡೀಬಾರದಾ?”

“ಮುಷ್ಕರ ಸರ್. ಮುಟ್ಟುವ ಹಾಗಿಲ್ಲ.”

“ನಾನು ಆಫೀಸರು, ನನಗೆಂಥ ಮುಷ್ಕರ? ಸರೀರಿ ಆಚೆ.”

ನಂಜುಂಡಪ್ಪನವರು ಹೊಡೆದ ಗುಂಡು ನಕ್ಷತ್ರವೊಂದಕ್ಕೆ ತಾಗಿತು. ಮೂರು ಹಡಗುಗಳೂ ಒಟ್ಟಿಗೆ ತಿರುಗಿ ಹೊಡೆದವು. ಕ್ಯಾಪ್ಟನ್ ರಮಾನಾಥ ಸತ್ತನೆಂದು ಪರದೆ ಇಂಗ್ಲಿಷಿನಲ್ಲಿ ಬರೆಯಿತು.

“ಮ್ಯಾನೇಜ್‌ಮೆಂಟಿನವರು ಕೊಂದರು!” ಎಂದು ಘೋಷಾಲ್ ಎದೆ ಬಡಿದುಕೊಂಡ.

ವಾರದೊಳಗೆ ಬ್ಯಾಂಕಿನೆದುರು ಇಟ್ಟಿಗೆಯ ಹುತಾತ್ಮ ಕಟ್ಟೆ ಎದ್ದಿತು: ‘ಕಾಮ್ರೇಡ್ ರಮಾನಾಥ್ ಅಮರ್ ರಹೇ’. ಎರಡು ನಿಮಿಷದ ಮೌನಕ್ಕೆ ರಮಾನಾಥ ಮುಂದಿನ ಸಾಲಿನಲ್ಲೇ ನಿಂತ. ಸೀನು ಬಂದದ್ದನ್ನೂ ತಡೆದುಕೊಂಡ.

ತನ್ನಿಂದ ಒಬ್ಬನ ವರ್ಗ ತಪ್ಪಿತಲ್ಲ ಎಂದು ನೊಂದ ನಂಜುಂಡಪ್ಪನವರು ತಿಂಗಳಾಗುವಾಗ ಉಡುಪಿಯ ಆರ್ಡರು ಕಳಿಸಿಯೇ ಬಿಟ್ಟರು. ಮನೆಯಲ್ಲಿ ಹೆಂಡತಿ ಸುಗಂಧಿ ಟ್ರಂಕು ತುಂಬಿದಳು. ಬ್ಯಾಂಕಿನಲ್ಲಿ ಘೋಷಾಲ್ ಆ ಆರ್ಡರಿನ ಕಾಗದವನ್ನು ಎರಡು ಸಲ ಓದಿ, ಮಡಿಸಿ, ತನ್ನ ಜೇಬಿಗಿಟ್ಟುಕೊಂಡ.

“ಹುತಾತ್ಮನನ್ನು ವರ್ಗ ಮಾಡಲು ಯೂನಿಯನ್ ಬಿಡುವುದಿಲ್ಲ, ದಾದಾ. ಕಟ್ಟೆ ಇಲ್ಲಿ, ನೀವು ಅಲ್ಲಿ ಹೋಗಿ ಬದುಕಿಕೊಂಡರೆ ಜನ ಏನೆಂದಾರು?”

ಸಂಜೆ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದಿಡುತ್ತ, ಸುಗಂಧಿ ಮುಖ ತಿರುಗಿಸದೆ ಹೇಳಿದಳು: “ನಾಳೆ ಕಾಳಿಘಾಟಿಂದ ಒಂದು ಮಾಲೆ ತನ್ನಿ ಮಾರಾಯ್ರೆ. ನಿಮ್ಮ ಕಟ್ಟೆಯ ಹೂ ಒಣಗಿದೆ. ಹೇಗೂ ಸತ್ತಾಯಿತಲ್ಲ, ಚಂದವಾದರೂ ಕಾಣಲಿ.”